ಕಾಲು ಮೂಡಿದ ಹರಿಗೋಲುಗಳು

ತುಂಗಭದ್ರೆಯು ಹೆಬ್ಬಂಡೆಗಳ ನಡುವೆ ಸಿಟ್ಟಿಗೆದ್ದು ಭೋರ್ಗರೆದು, ಆಮೇಲೆ ತನ್ನ ಸಿಟ್ಟಿಗೆ ತಾನೇ ನಾಚಿಕೊಂಡವಳಂತೆ ಮೆಲ್ಲಗೆ ಹರಿಯುವ ತಿರುವಿನಲ್ಲಿ, ಭುಜಬಲ ಜೋಗರಸನ ರಾಜಧಾನಿಯಾದ ಕಲ್ಮಡು ಪಟ್ಟಣವು ವಿರಾಜಿಸುತ್ತಿತ್ತು. ಅದರ ಕೋಟೆಯ ಎತ್ತರವನ್ನು ಹೇಳಿದರೆ ಈಗಿನವರು ನಗುತ್ತಾರೆ, ನಗಲಿ. ಕೊತ್ತಳದ ತುದಿಯಲ್ಲಿ ಕುಳಿತ ಕಾಗೆ ಉದುರಿಸಿದ ಗರಿ ನೆಲ ಮುಟ್ಟುವಷ್ಟರಲ್ಲಿ ಆ ಕಾಗೆಗೆ ಮೊಮ್ಮಕ್ಕಳಾಗಿರುತ್ತಿದ್ದವು. ರಾಜಬೀದಿಯ ಕಸ್ತೂರಿ ಅಂಗಡಿಗಳ ಮುಂದೆ ಒಮ್ಮೆ ಹಾದುಹೋದ ಹಸುವಿನ ಹಾಲು ಹುಣ್ಣಿಮೆಯಿಂದ ಅಮಾವಾಸ್ಯೆಯವರೆಗೆ ಘಮಘಮಿಸುತ್ತಿತ್ತು. ಪಟ್ಟದಾನೆ ಸೀನಿದರೆ ಎದುರು ದಂಡೆಯಲ್ಲಿ ಮಲಗಿದ್ದ ಮೊಸಳೆಗಳು ನೀರಿಗೆ ಹಾರುತ್ತಿದ್ದವು.

ಇವೆಲ್ಲಕ್ಕಿಂತ ವಿಚಿತ್ರವಾದ ನೋಟ ಹೊಳೆಯ ದಂಡೆಯಲ್ಲಿ ಕಾಣುತ್ತಿತ್ತು. ಸೆಳವು ಹರಿಗೋಲುಗಳನ್ನು ಎಳೆದು ತಂದು ಕೆಳಕಟ್ಟೆಗೆ ಬಿಡುವುದರಿಂದ, ಅಂಬಿಗರು ಬಿದಿರಿನ ಹಂದರಕ್ಕೆ ಎತ್ತಿನ ತೊಗಲು ಬಿಗಿದ ಆ ಬುಟ್ಟಿದೋಣಿಗಳನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಮೇಲುಕಟ್ಟೆಗೆ ಹೊತ್ತು ನಡೆಯುತ್ತಿದ್ದರು. ದೂರದಿಂದ ನೋಡಿದವರಿಗೆ ಆನೆಮರಿಗಾತ್ರದ ಆಮೆಗಳು ಸಾಲುಗಟ್ಟಿ ಮದುವೆಗೆ ಹೊರಟಂತೆ. ಮನುಷ್ಯನ ಗುರುತು ಮೊಣಕಾಲಿನಿಂದ ಕೆಳಗೆ ಮಾತ್ರ. ಹೊತ್ತ ಹರಿಗೋಲನ್ನು ನಡುದಾರಿಯಲ್ಲಿ ಇಳಿಸಬಾರದು. ಇಳಿಸಿದರೆ ಹೊಳೆಯಮ್ಮ ಬಲಿ ಕೇಳುತ್ತಾಳೆ, ಅದೂ ಇಳಿಸಿದವನನ್ನಲ್ಲ, ಇಳಿಸು ಎಂದವನನ್ನು. ಇದು ಕಲ್ಮಡುವಿನ ಹಸುಗೂಸಿಗೂ ಗೊತ್ತಿದ್ದ ಮಾತು.

ಆ ವರ್ಷದ ಕಾರ್ತಿಕದಲ್ಲಿ ಮಾತ್ರ ಆ ಬಾಯಿಬಡಕ ಪಟ್ಟಣದ ಬಾಯಿ ಕಟ್ಟಿಹೋಗಿತ್ತು. ಗಿಳಿ ಮಾರುವವರು ಗಿಳಿಗಳ ಕೊಕ್ಕಿಗೆ ನೂಲು ಸುತ್ತಿದ್ದರು. ಕಮ್ಮಾರರು ಕಬ್ಬಿಣವನ್ನು ಬಡಿಯದೆ ಸವರುತ್ತಿದ್ದರು. ಅರಸ ಜೋಗರಸ ಹಾಸಿಗೆ ಹಿಡಿದಿದ್ದನು. ಅರಸರು ಸಾಯುವುದು ಲೋಕದಲ್ಲಿ ಹೊಸದಲ್ಲ. ಆದರೆ ಕಲ್ಮಡುವಿನಲ್ಲಿ ಅರಸ ಒಬ್ಬನೇ ಸಾಯುತ್ತಿರಲಿಲ್ಲ. ಪಟ್ಟಾಭಿಷೇಕದಂದು ಅವನ ಆಪ್ತ ಸಾಮಂತರು ಎಡಗಾಲಿಗೆ ಪೆಂಡೆಯವೆಂಬ ಚಿನ್ನದ ಕಾಲ್ಬಳೆಯನ್ನು ತೊಟ್ಟು, "ನಮ್ಮೊಡೆಯನು ಮಣ್ಣಿಗಿಳಿದಂದು ಅವನ ಕೆಳಗೆ ನಾವಿಳಿಯುವೆವು" ಎಂದು ನೀರು ಮುಟ್ಟಿ ಆಣೆಯಿಟ್ಟಿದ್ದರು. ಆ ಆಣೆಗೆ ವೇಳೆ ಎಂದು ಹೆಸರು. ವೇಳೆ ತೊಟ್ಟವರಿಗೆ ಊರುಗಳು, ತೋಟಗಳು, ಓಲಗದಲ್ಲಿ ಮುಂದಿನ ಆಸನ. ಅರಸನು ಉಸಿರು ಬಿಟ್ಟ ನೆಲದಲ್ಲಿಯೇ ಗುಂಡಿ ತೋಡಿ, ಮೊದಲು ಅವರನ್ನು ಜೀವಸಹಿತ ಇಳಿಸಿ, ಅವರ ಮೇಲೆ ಅರಸನನ್ನು ಇಡುವುದು ಪದ್ಧತಿ. ಇಪ್ಪತ್ತು ವರ್ಷ ಆ ಪೆಂಡೆಯಗಳನ್ನು ಝಣಝಣಿಸುತ್ತ ಮೆರೆದವರಿಗೆ, ಈಗ ಅದರ ಸದ್ದು ಕೇಳಿದರೆ ಗಂಟಲು ಒಣಗುತ್ತಿತ್ತು.

ಆದರೂ ಆ ಪಟ್ಟಣದಲ್ಲೆಲ್ಲ ಅತ್ಯಂತ ಹೆದರಿದ ಜೀವ ಯಾವುದೆಂದು ಕೇಳಿದರೆ, ಅದು ಯಾವ ಸಾಮಂತನದೂ ಅಲ್ಲ. ಹರಿಗೋಲು ನಡೆಸುತ್ತಿದ್ದ ಚಾಗವ್ವೆಯದು.

ಎತ್ತರದ, ಕಪ್ಪು ಮೈಯ, ಸುಳಿಯ ಗಂಟನ್ನು ಹುಟ್ಟಿನ ತುದಿಯಿಂದ ಬಿಡಿಸಬಲ್ಲ ಹೆಂಗಸು. ಹರಿಗೋಲೆಂದರೆ ಬುಗುರಿಯಂತೆ ಸುತ್ತುವ ವಸ್ತು. ಅವಳು ನಡೆಸಿದರೆ ಅದು ಬಾಣದಂತೆ ಹೋಗುತ್ತಿತ್ತು, ಒಳಗಿಟ್ಟ ಮಜ್ಜಿಗೆಯ ಬಟ್ಟಲು ತುಳುಕುತ್ತಿರಲಿಲ್ಲ. ಅಂಥವಳು ಎಲೆ ಉದುರಿದರೆ ಬೆಚ್ಚಿ ಹಿಂತಿರುಗಿ ನೋಡುತ್ತಿದ್ದಳು. ಉಣ್ಣುವಾಗಲೂ ಬೆನ್ನನ್ನು ಗೋಡೆಗೆ ಆನಿಸಿಯೇ ಕೂರುತ್ತಿದ್ದಳು. ಅವಳ ಬಲಭುಜದ ಮೇಲೆ ಹಸುರು ನವಿಲಿನ ಹಚ್ಚೆಯಿತ್ತು. ಆ ನವಿಲಿನ ಹೊಟ್ಟೆಯೊಳಗೆ, ಅರಮನೆಯ ತೊತ್ತುಗಳಿಗೆ ಕಾಯಿಸಿ ಒತ್ತುವ ಮೊಸಳೆಯ ಮುದ್ರೆ ಅಡಗಿ ಮಲಗಿತ್ತು.

ಅವಳು ಹುಟ್ಟಿದ್ದು ಅರಮನೆಯ ಒನಕೆಚಾವಡಿಯಲ್ಲಿ. ಅಲ್ಲಿ ನೆಲದಲ್ಲಿ ಹೂತ ದೊಡ್ಡ ಒರಳೊಂದಿತ್ತು. ತೊತ್ತುಗಳು ಇಬ್ಬಿಬ್ಬರಾಗಿ ಸರದಿಯ ಮೇಲೆ ಅರಿಸಿನ, ಗಂಧ, ಅಕ್ಕಿ ಕುಟ್ಟಬೇಕು. ಕಾವಲಿನವರು ಹೊರಗೆ ಕುಳಿತು ಕಿವಿಯಲ್ಲೇ ಕಾಯುತ್ತಿದ್ದರು: ಒನಕೆಯ ಜೋಡಿ ಪೆಟ್ಟು ನಿಲ್ಲದಿದ್ದರೆ ಎಲ್ಲ ಸರಿಯಾಗಿದೆ ಎಂದೇ ಲೆಕ್ಕ. ಹರೆಯಕ್ಕೆ ಬಂದ ಮಗಳ ಮೇಲೆ ಊಳಿಗದ ಹೆಗ್ಗಡೆಯ ಕಣ್ಣು ಬಿದ್ದ ದಿನ, ತಾಯಿ ಜಕ್ಕವ್ವೆ ಅವಳ ಕೈಯಿಂದ ಒನಕೆ ಕಿತ್ತುಕೊಂಡು, "ಹೋಗು" ಎಂದಳು. "ನೀನು?" ಎಂದರೆ, "ನಾನು ನೀನೂ ಆಗ್ತೀನಿ, ಹೋಗು" ಎಂದಳು. ಬಲಗೈಯಲ್ಲೊಂದು, ಎಡಗೈಯಲ್ಲೊಂದು ಆಳೆತ್ತರದ ಒನಕೆ ಹಿಡಿದು, ಸೂರ್ಯ ನೆತ್ತಿಗೇರಿದಾಗಿನಿಂದ ಮುಳುಗುವವರೆಗೆ ಒಬ್ಬಳೇ ಇಬ್ಬರ ಸದ್ದು ಕುಟ್ಟಿದಳು ಆ ತಾಯಿ. ಧಿಮ್ ಎಂದರೆ ತಾಯಿ, ಧಮ್ ಎಂದರೆ ಮಗಳು. ನಂಬದವರು ಒಂದು ಒನಕೆಯನ್ನು ಒಂದೇ ಕೈಯಲ್ಲಿ ಹಿಡಿದು ನೋಡಲಿ, ಆಮೇಲೆ ಮಾತಾಡಲಿ.

ಚಾಗವ್ವೆ ಹೊಳೆ ದಾಟಿ ಎದುರು ದಂಡೆ ಸೇರಿದಳು. ಅದು ಹೊಳೆಯಮ್ಮನ ಗುಡಿಯ ನೆಲ. ಯಾವ ಅರಸನ ಕೋಲೂ ಅಲ್ಲಿ ನಡೆಯದು. ಗುಡಿಯ ಮುಂದಿನ ಕರಿಗಲ್ಲನ್ನು ಮುಟ್ಟಿದವರು ಅಂದಿನಿಂದ ದೇವಿಯ ಒಕ್ಕಲು, ಮನುಷ್ಯರ ಆಳಲ್ಲ. ಆ ಮಣ್ಣಿಗೆ ಹಾರೆ ಗುದ್ದಲಿ ತಾಕಿಸುವಂತಿಲ್ಲ. ಸತ್ತವರನ್ನೂ ಅಲ್ಲಿ ಹೂಳದೆ ಹೊಳೆಗೆ ಒಪ್ಪಿಸುತ್ತಿದ್ದರು. ಅಲ್ಲಿಯೇ ಉಳಿದಿದ್ದರೆ ಅವಳು ಸುಖವಾಗಿ ಮುದುಕಿಯಾಗಬಹುದಿತ್ತು. ಆದರೆ ಗಾಳಿ ಈ ಕಡೆಯಿಂದ ಬೀಸಿದಾಗಲೆಲ್ಲ ಒನಕೆಯ ಸದ್ದು ಬರುತ್ತಿತ್ತು. ಕೊನೆಗೆ ಮುದ್ರೆಯ ಮೇಲೆ ನವಿಲು ಹಾಕಿಸಿಕೊಂಡು, ಗುಡಿಯ ಅಂಬಿಗಿತ್ತಿಯಾಗಿ ತಿರುಗಿ ಬಂದಳು. ಅಂದಿನಿಂದ, ಚಾವಡಿಯ ನೀರಬಾಗಿಲಿಗೆ ಅರಿಸಿನದ ಮೂಟೆ ತರುವ ಹರಿಗೋಲುಗಳ ಕೆಳಗೆ, ಒಬ್ಬೊಬ್ಬರಾಗಿ ತೊತ್ತುಗಳು ಹಾಡುಹಗಲಲ್ಲೇ ಕಾವಲಿನವರ ಮೂಗಿನ ಮುಂದೆ ನಡೆದು ಹೋದರು. ಚಾಗವ್ವೆ ಪ್ರತಿ ಸಲವೂ "ಇದೇ ಕೊನೆ" ಎನ್ನುತ್ತಿದ್ದಳು. ತಾಯಿಗೆ ಕರೆ ಹೋದಾಗಲೆಲ್ಲ, "ನನಗಿಂತ ಎಳೆಯರಿದ್ದಾರೆ, ಮೊದಲು ಅವರು" ಎಂಬ ಉತ್ತರ ಬರುತ್ತಿತ್ತು.

ಆ ಕಾರ್ತಿಕದಲ್ಲಿ ಹಾಗೆ ದಾಟಿದವನು ಬೂಚನೆಂಬ ಆಳು. ನಡುಹೊಳೆಯಲ್ಲಿ ಅವನು ಕಾಲಿಗೆ ಮೆತ್ತಿದ್ದ ಕೆಸರನ್ನು ತೊಳೆದಾಗ, ಎಡಗಾಲಲ್ಲಿ ಚಿನ್ನ ಥಳಥಳಿಸಿತು.

"ಅಯ್ಯೋ, ಇದೇನೋ ಇದು! ಕದ್ದು ತಂದೆಯಾ?"

"ಕದಿಯೋದಕ್ಕೆ ಇದು ಬಿಚ್ಚಬೇಕಲ್ಲಕ್ಕಾ. ಮೊಳೆ ಬಡಿದು ಕೂಡಿಸಿದ್ದಾರೆ." ಬೂಚನ ಹಲ್ಲು ಕಟಕಟಿಸುತ್ತಿದ್ದವು. "ದಂಡನಾಯಕ ಕೊಮ್ಮರಸರದು. ವೇಳೆಯ ಪೆಂಡೆಯ ಯಾರ ಕಾಲಲ್ಲಿದೆಯೋ ಅವನೇ ಗುಂಡಿಗಿಳಿಯೋನು ಅಂತ ಶಾಸ್ತ್ರ ಬರೆಸಿದ್ದಾರಂತೆ. ಎಲ್ಲ ಸಾಮಂತರೂ ತಮ್ಮ ತಮ್ಮದನ್ನ ಚಾವಡಿಯವರ ಕಾಲಿಗೆ ಹಾಕಿಸಿದ್ದಾರೆ. ಅರಸರ ಶವಸ್ನಾನದ ಅರಿಸಿನ ನಾವೇ ಕುಟ್ಟಬೇಕು, ಆಮೇಲೆ ಅವರ ಕೆಳಗೂ ನಾವೇ ಹೋಗಬೇಕು. ಅರಸರಿಗೆ ಇದೊಂದೂ ಗೊತ್ತಿಲ್ಲ."

ಚಾಗವ್ವೆ ಉಳಿಯಿಂದ ಮೊಳೆ ಕಡಿದು ಪೆಂಡೆಯವನ್ನು ಬಿಡಿಸಿದಳು. ಅದರ ಮೇಲೆ ಅರಸನ ಸಿಂಹಮುಖ, ಪಕ್ಕದಲ್ಲಿ ಕೊಮ್ಮರಸನ ಲಾಂಛನವಾದ ಹಂದಿ. ಅದನ್ನು ಹರಿಗೋಲಿನ ತೊಗಲಿನ ಮಡಿಕೆಯಲ್ಲಿ ಅಡಗಿಸಿಟ್ಟಳು. ಒಂದು ಜೀವ ಉಳಿಯಿತು ಎಂದುಕೊಂಡಳು. ಆದರೆ ತನ್ನ ಬದಲಿ ಓಡಿಹೋದನೆಂದು ತಿಳಿದ ಕೊಮ್ಮರಸ ಸುಮ್ಮನಿರುವ ಪೈಕಿಯೇ? ಅಂಥದ್ದೇ ಇನ್ನೊಂದನ್ನು ಎರಕ ಹೊಯ್ಯಿಸಿದನು. ಮೂರನೆಯ ದಿನ, ಚಾವಡಿಗೆ ಮೂಟೆ ಹಾಕಿ ಬಂದ ಅಂಬಿಗರ ಹಿರಿಯ ದುಗ್ಗಯ್ಯ ಕಟ್ಟೆಯ ಮೇಲೆ ಕುಕ್ಕರಿಸಿ, ನೆಲ ನೋಡುತ್ತ ಹೇಳಿದನು:

"ಹುಡುಗೀ, ಹೇಳದೆ ಇರೋಕಾಗಲ್ಲ, ಹೇಳೋಕೂ ಆಗಲ್ಲ. ಹೊಸ ಪೆಂಡೆಯ ನಿಮ್ಮವ್ವನ ಕಾಲಿಗೆ ಬಿದ್ದಿದೆ."

ಚಾಗವ್ವೆಯ ಕೈಯಿಂದ ಹುಟ್ಟು ಜಾರಿ ನೀರಿಗೆ ಬಿತ್ತು. ತಾನು ಬೂಚನನ್ನು ಬಿಡಿಸಿದ ಕೈಯಿಂದಲೇ ತಾಯಿಯನ್ನು ಗುಂಡಿಯ ಅಂಚಿಗೆ ನಿಲ್ಲಿಸಿದ್ದಳು.

ಅಷ್ಟರಲ್ಲಿ ಡಂಗುರ ಕೇಳಿಸಿತು. ಮರುದಿನ ಮಧ್ಯಾಹ್ನ ಅರಸರು ಹೊಳೆದರ್ಶನಕ್ಕೆ ಬಿಜಯಂಗೈಯುತ್ತಾರೆ. ಪ್ರಭುಗಳು ನೀರಿನ ಮೇಲಿರುವಾಗ ಬೇರೆ ಯಾವ ಹರಿಗೋಲೂ ನೀರಿನಲ್ಲಿರಕೂಡದು. ಕೆಳಕಟ್ಟೆಯಲ್ಲಿಯೂ ನೀರಬಾಗಿಲಿನಲ್ಲಿಯೂ ಇರುವ ಎಲ್ಲವನ್ನೂ ಅಂಬಿಗರು ಹೊತ್ತು ಮೇಲುಕಟ್ಟೆಗೆ ಸಾಗಿಸತಕ್ಕದ್ದು. ಇದು ದಂಡನಾಯಕ ಕೊಮ್ಮರಸರ ಅಪ್ಪಣೆ! ಕಲ್ಮಡುವಿನ ಅರಸರು ಸಾಯುವ ಮುನ್ನ ಅಂಬಿಗನೊಬ್ಬನನ್ನು ಬಿಟ್ಟು ಬೇರಾರೂ ಇಲ್ಲದೆ ಹೊಳೆಯೊಡನೆ ಏಕಾಂತ ಮಾಡುವುದು ಪೂರ್ವದಿಂದ ಬಂದ ವಾಡಿಕೆ.

ದುಗ್ಗಯ್ಯ ಮೂಗಿನ ತುದಿ ತುರಿಸಿಕೊಂಡನು. "ಎಲ್ಲಾ ಹರಿಗೋಲು ಹೊರೋಕೆ ನಮ್ಮಲ್ಲಿ ಅಷ್ಟು ತಲೆ ಎಲ್ಲಿವೆ? ದಂಡನಾಯಕರಿಗೆ ತಲೆಗಳ ಲೆಕ್ಕ ಬರಲ್ಲ, ಪಾಪ."

ಚಾಗವ್ವೆ ಅವನ ಮುಖ ನೋಡಿದಳು. ಚಾವಡಿಯಲ್ಲಿ ತಲೆಗಳಿದ್ದವು. ನೀರಬಾಗಿಲಿನಲ್ಲಿ ಬೋರಲು ಹಾಕಿದ ಹರಿಗೋಲುಗಳಿದ್ದವು.

"ಸದ್ದು?" ಎಂದಳು. "ಒರಳು ನಿಂತರೆ ಕಾವಲಿನವರು ಒಳಗೆ ಬರ್ತಾರೆ."

"ಅರಸರ ಮೆರವಣಿಗೆಯಲ್ಲಿ ಜೋಡಿ ಭೇರಿ, ಕಹಳೆ, ತಮ್ಮಟೆ. ಅದರ ನಡುವೆ ಒನಕೆ ಯಾರಿಗೆ ಕೇಳಿಸುತ್ತೆ? ಸಿಡಿಲು ಬಡಿದರೂ ಕ್ಷಮಿಸಿ ಅಂತ ಪಕ್ಕಕ್ಕೆ ಸರೀಬೇಕು."

ಮರುದಿನ ಬೆಳಗ್ಗೆ ಕೊಮ್ಮರಸನೇ ಕಟ್ಟೆಗೆ ಬಂದನು. ಆ ಮಹಾಕಾಯನ ಮೀಸೆಯ ಎರಡು ತುದಿಗಳ ಮೇಲೆ ಎರಡು ನಿಂಬೆಹಣ್ಣು ನಿಲ್ಲುತ್ತಿದ್ದವು. ಹಿಂದೆಲ್ಲ ಪೆಂಡೆಯ ಕಾಣಲೆಂದು ಧೋತ್ರವನ್ನು ಮೊಣಕಾಲಿಗೆ ಎತ್ತಿ ಕಟ್ಟುತ್ತಿದ್ದವನು, ಈಗ ನೆಲ ಗುಡಿಸುವಂತೆ ಇಳಿಬಿಟ್ಟಿದ್ದನು.

"ಎಲೆ ಅಂಬಿಗಿತ್ತಿ, ಹರಿಗೋಲನ್ನು ಸುತ್ತಿಸದೆ ನಡೆಸುವವಳು ನೀನಂತೆ. ಪ್ರಭುಗಳಿಗೆ ತಲೆಸುತ್ತು. ಅವರನ್ನು ನಡುಹೊಳೆಗೆ ಒಯ್ದು, ಅರ್ಧಗಳಿಗೆ ನಿಲ್ಲಿಸಿ, ತಿರುಗಿ ಇದೇ ದಂಡೆಗೆ ತರತಕ್ಕದ್ದು. ಪ್ರಾಣ ಹೋಗುವುದಿದ್ದರೆ ಇಲ್ಲಿಯೇ ಹೋಗಬೇಕು. ತಿಳಿಯಿತೇ?"

ಕಟ್ಟೆಯ ಹಿಂದೆ ಆಳುಗಳು ಆಗಲೇ ಗುಂಡಿ ತೋಡುತ್ತಿದ್ದರು. ಪ್ರತಿ ಗುದ್ದಲಿಯ ಪೆಟ್ಟಿಗೂ ಚಾಗವ್ವೆಯ ಹೆಗಲು ಹಾರುತ್ತಿತ್ತು.

"ತಿಳಿಯಿತು, ಸ್ವಾಮೀ."

ಅವನು ಹೊರಟವನು ನಿಂತನು. ತನ್ನ ಬೆತ್ತದ ತುದಿಯಿಂದ ಅವಳ ಭುಜದ ಸೆರಗನ್ನು ಸರಿಸಿದನು. "ನವಿಲು ಚೆನ್ನಾಗಿದೆ. ಆದರೆ ಇಷ್ಟು ದಪ್ಪ ಹೊಟ್ಟೆಯ ನವಿಲನ್ನು ನಾನು ಕಂಡಿಲ್ಲ. ಏನು ತಿಂದಿದೆ?"

ಹಿಂದಿನಿಂದ ದುಗ್ಗಯ್ಯ ಕೈಮುಗಿದು, "ಹಾವು ತಿಂದಿದೆ ಸ್ವಾಮೀ! ಹಚ್ಚೆಯ ಮುದುಕಿಗೆ ಕಣ್ಣು ಕಾಣ್ತಿರಲಿಲ್ಲ. ನನ್ನ ಬೆನ್ನ ಮೇಲೆ ಸಿಂಹ ಹಾಕ್ತೀನಿ ಅಂತ ಕುಂಬಳಕಾಯಿ ಹಾಕಿದಾಳೆ, ತೋರಿಸಲೇ?" ಎಂದು ಬಟ್ಟೆ ಎತ್ತಲು ಹೋದನು. ಕೊಮ್ಮರಸ ಅಸಹ್ಯದಿಂದ ಮುಖ ತಿರುಗಿಸಿ ನಡೆದನು. ಚಾಗವ್ವೆ ಕಟ್ಟೆಯ ಕಲ್ಲಿನ ಹಿಂದೆ ಹೋಗಿ, ಬೆಳಗ್ಗೆ ಕುಡಿದ ಗಂಜಿಯನ್ನೆಲ್ಲ ಕಾರಿಕೊಂಡಳು.

ಮಧ್ಯಾಹ್ನ ಪಲ್ಲಕ್ಕಿ ಬಂತು. ಭೇರಿಗಳ ಆರ್ಭಟಕ್ಕೆ ಹೊಳೆಯ ಮೀನುಗಳು ದಂಡೆಗೆ ಹಾರಿ ಬಿದ್ದವು ಎನ್ನುತ್ತಾರೆ. ಸಾಮಂತರೆಲ್ಲರೂ ನೆಲ ಗುಡಿಸುವ ಧೋತ್ರಗಳಲ್ಲಿ ಸಾಲಾಗಿ ನಿಂತರು. ಅರಸನ ತಮ್ಮನ ಮಗನೂ ಪಟ್ಟಕ್ಕೆ ಹಕ್ಕುದಾರನೂ ಆದ ಕುಮಾರ ಸೋವಿದೇವ ತಾನೇ ಅರಸನನ್ನು ಎತ್ತಿ ಹರಿಗೋಲಿನಲ್ಲಿ ಕೂರಿಸಿದನು. ಒಂದು ಕಾಲದಲ್ಲಿ ಹುಲಿಯ ದವಡೆ ಸೀಳಿದ್ದ ಜೋಗರಸ ಈಗ ಒಣಗಿದ ಬಳ್ಳಿಯಷ್ಟಿದ್ದನು. ನಡುವಿನಲ್ಲಿದ್ದ ರಾಜಖಡ್ಗವೇ ಅವನಿಗಿಂತ ಭಾರವಾಗಿ ಕಾಣುತ್ತಿತ್ತು.

ಚಾಗವ್ವೆ ಹುಟ್ಟು ಊರಿದಳು. ಆಗ ಅರಸನು ಮೆಲ್ಲಗೆ ಕೈ ಎತ್ತಿ ಹೇಳಿದನು:

"ಭೇರಿ ನಿಲ್ಲಿಸಿರಿ. ನನಗೆ ಹೊಳೆಯ ಸದ್ದು ಕೇಳಬೇಕು."

ಭೇರಿಗಳು ನಿಂತವು. ಕಹಳೆ, ತಮ್ಮಟೆ, ಎಲ್ಲವೂ. ಇಷ್ಟು ಹೊತ್ತಿಗೆ ಚಾವಡಿಯವರು ಹರಿಗೋಲುಗಳ ಕೆಳಗೆ ಹೊಕ್ಕಿರುತ್ತಾರೆ. ಒರಳು ಬರಿದಾಗಿರುತ್ತದೆ. ಈಗ ಕಾವಲಿನವನೊಬ್ಬ ಕಿವಿ ನಿಮಿರಿಸಿದರೆ ಸಾಕು.

ಧಿಮ್, ಧಮ್. ಧಿಮ್, ಧಮ್.

ಕೋಟೆಯ ಕಡೆಯಿಂದ ಜೋಡಿ ಒನಕೆಯ ಪೆಟ್ಟು ತೇಲಿ ಬಂತು. ಅಯ್ಯೋ, ಯಾರೂ ಹೊರಡಲಿಲ್ಲವೇ ಎಂದು ಅವಳು ನಡುಗುತ್ತಿರುವಾಗಲೇ, ದಂಡೆಯ ದಾರಿಯ ಮೇಲೆ ಮೊದಲನೆಯ ಆಮೆ ಕಾಣಿಸಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ತೊಗಲಿನ ಬೆನ್ನುಗಳ ಕೆಳಗೆ ಮೊಣಕಾಲಿನವರೆಗೆ ಕೆಸರು ಮೆತ್ತಿದ ಕಾಲುಗಳು. ಹಾಗಾದರೆ ಒರಳಿನ ಹತ್ತಿರ ಯಾರು?

ಸದ್ದನ್ನು ಅವಳು ಬಲ್ಲಳು. ಇಬ್ಬರು ಕುಟ್ಟಿದರೆ ಎರಡು ಪೆಟ್ಟಿನ ನಡುವೆ ಇಬ್ಬರ ಉಸಿರು ಇರುತ್ತದೆ. ಇಲ್ಲಿ ಒಂದೇ ಉಸಿರಿತ್ತು. ತಾಯಿ ಮತ್ತೆ ಇಬ್ಬರಾಗಿದ್ದಳು.

"ಅಂಬಿಗಿತ್ತೀ," ಎಂದನು ಅರಸ, "ಹರಿಗೋಲು ನೆಟ್ಟಗಿದೆ, ನಿನ್ನ ಕೈಯೇಕೆ ನಡುಗುತ್ತಿದೆ?"

ನಡುಹೊಳೆ ಸಮೀಪಿಸಿತ್ತು. ಸುಳ್ಳು ಹೇಳಲು ಬಾಯಿ ತೆರೆದಳು. ಹೆದರಿಕೆ ಎಷ್ಟಿತ್ತೆಂದರೆ ಸುಳ್ಳು ಹೊಳೆಯಲಿಲ್ಲ. ತೊಗಲಿನ ಮಡಿಕೆಯಿಂದ ಪೆಂಡೆಯವನ್ನು ತೆಗೆದು ಅವನ ತೊಡೆಯ ಮೇಲಿಟ್ಟಳು.

ಅರಸನು ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿದನು. "ಹಂದಿ... ಕೊಮ್ಮರಸನದು. ನನ್ನ ಕೈಯಾರೆ ತೊಡಿಸಿದ್ದೆ. ನಿನ್ನೆ ತಾನೇ ನನ್ನ ತಲೆದೆಸೆಯಲ್ಲಿ ಕುಳಿತು, ನಗುನಗುತ್ತ ಜೊತೆಗೆ ಬರುವೆನೆಂದು ಹೇಳಿ ಅತ್ತನು. ಇದು ನಿನಗೆಲ್ಲಿ ಸಿಕ್ಕಿತು?"

"ಒಬ್ಬ ಆಳಿನ ಕಾಲಲ್ಲಿ, ದೇವಾ. ಎಲ್ಲರದೂ ಆಳುಗಳ ಕಾಲಲ್ಲೇ ಇವೆ. ಇದರ ಬದಲಿಯದು ನಮ್ಮವ್ವನ ಕಾಲಲ್ಲಿದೆ. ಅಗೋ, ಕುಟ್ಟುತ್ತಿದ್ದಾಳಲ್ಲ, ಅವಳೇ ನಮ್ಮವ್ವ. ತಮ್ಮ ಸ್ನಾನಕ್ಕೆ ಅರಿಸಿನ."

ಜೋಗರಸ ಕಿವಿಗೊಟ್ಟು ಕೇಳಿದನು. ಆಮೇಲೆ ನಕ್ಕನು, ನಗು ಕೆಮ್ಮಾಯಿತು, ಕೆಮ್ಮಿನಲ್ಲಿ ನೆತ್ತರು ಬಂತು. "ಇಪ್ಪತ್ತು ವರ್ಷ ಇವರೆಲ್ಲ ನನ್ನ ಸಾವನ್ನು ಉಂಡು ಕೊಬ್ಬಿದರು. ಕೈ ತೊಳೆಯುವ ಹೊತ್ತಿಗೆ ಬೇರೆಯವರನ್ನು ಕರೆದರು. ಗುಂಡಿ ಎಲ್ಲಿ ತೋಡುತ್ತಾರೆ?"

"ತಾವು ಉಸಿರು ಬಿಟ್ಟ ನೆಲದಲ್ಲಿ, ದೇವಾ."

"ಆ ದಂಡೆಯಲ್ಲಿ ಬಿಟ್ಟರೆ?"

"ಅಲ್ಲಿ... ಅಲ್ಲಿ ಗುದ್ದಲಿ ಹಾಕುವಂತಿಲ್ಲ. ಹೊಳೆಯಮ್ಮನ ಮಣ್ಣು."

"ಹಾಗಾದರೆ ತಡವೇಕೆ? ಒಂಟಿಯಾಗಿ ಹೋಗುವುದಕ್ಕೆ ನನಗೂ ಭಯವಿದೆ, ತಂಗೀ. ಆದರೆ ಕೆಳಗೆ ಯಾರನ್ನೋ ಹಾಸಿಕೊಂಡು ಮಲಗಿದರೆ ನಿದ್ದೆ ಬರಲಾರದು. ನಡೆಸು. ಇದು ಅಪ್ಪಣೆ."

ಅವಳು ಹುಟ್ಟು ತಿರುಗಿಸಿದಳು. ಅದೇ ಹೊತ್ತಿಗೆ ದಂಡೆಯ ದಾರಿಯಲ್ಲಿ ಕಾವಲಿನವನೊಬ್ಬ ಆಮೆಸಾಲಿಗೆ ಅಡ್ಡ ನಿಂತದ್ದು ಕಂಡಿತು. ಕೆಸರು ಒಣಗಿ ಬಿರುಕುಬಿಟ್ಟ ಒಂದು ಕಾಲಿನಿಂದ ಏನೋ ಮಿಂಚಿರಬೇಕು. ಅವನು ಈಟಿಯ ಹಿಡಿಯಿಂದ ತೊಗಲನ್ನು ಧಬಧಬನೆ ಬಡಿದನು. "ಯಾರೋ ಒಳಗೆ? ಇಳಿಸು!"

ಮುಂದಿದ್ದ ಆಮೆಯೊಳಗಿಂದ ದುಗ್ಗಯ್ಯನ ಕಂಠ ಹೊಳೆಗೆಲ್ಲ ಕೇಳಿಸಿತು. "ಇಳಿಸ್ತೀವಪ್ಪಾ, ನಮಗೇನು! ಎಲ್ಲರೂ ಕೇಳಿರಿ, ಇಳಿಸು ಅಂದೋನು ಇವನು! ಅರಸರು ನೀರಿನ ಮೇಲಿದ್ದಾರೆ, ಹೊಳೆಯಮ್ಮ ಬಾಯಿ ತೆರೆದು ಕೂತಿದ್ದಾಳೆ. ನಿನ್ನ ಹೆಸರೇನು ಹೇಳಿಬಿಡು, ಕೂಗಿ ಒಪ್ಪಿಸ್ತೀನಿ!"

ಕಾವಲಿನವನು ಈಟಿಯನ್ನು ಸುಡುವ ಕೊಳ್ಳಿಯಂತೆ ಹಿಂದಕ್ಕೆಳೆದು, "ಅಯ್ಯೋ, ಮಾರಾಯಾ, ಹೋಗು, ಹೋಗು!" ಎಂದು ಬೇಲಿಗೆ ಆತುಕೊಂಡನು. ಆಮೆಗಳು ನಡೆದವು, ಬಂಡೆಗಳ ಮರೆಯಲ್ಲಿದ್ದ ಮೇಲುಕಟ್ಟೆಯ ಕಡೆಗೆ ಒಂದೊಂದಾಗಿ ಮಾಯವಾದವು.

ಚಾಗವ್ವೆ ಅರಸನ ಕಡೆ ತಿರುಗಿದಳು. ಅವನ ಗದ್ದ ಎದೆಗೆ ಬಿದ್ದಿತ್ತು. ಕಣ್ಣು ತೆರೆದೇ ಇದ್ದವು. ಅವುಗಳಲ್ಲಿ ಮೋಡವೊಂದು ಸದ್ದಿಲ್ಲದೆ ಹಾದುಹೋಗುತ್ತಿತ್ತು.

ಹೊಳೆಯ ನಟ್ಟನಡುವೆ, ಒಂದು ರಾಜ್ಯವೇ ನೋಡುತ್ತಿರುವಾಗ, ಅವಳು ಹೆಣದೊಡನೆ ಒಬ್ಬಳೇ ಉಳಿದಳು. ದಂಡೆಯವರಿಗೆ ತಿಳಿದರೆ ಬಿಲ್ಲಾಳುಗಳು ಬಾಣ ಬಿಡುತ್ತಾರೆ. ಹರಿಗೋಲು ಮುಳುಗಿದರೆ ಸೆಳವು ಅರಸನನ್ನು ತಂದು ಕೆಳಕಟ್ಟೆಗೇ ಹಾಕುತ್ತದೆ, ಗುಂಡಿಯ ಪಕ್ಕಕ್ಕೇ. ಅರಸ ಬದುಕಿರುವವರೆಗೆ ಮಾತ್ರ ಅವಳಿಗೆ ಬದುಕು.

ಅವಳು ಹೆಣದ ಬೆನ್ನಿಗೆ ತನ್ನ ಮೊಣಕಾಲನ್ನು ಆಸರೆ ಕೊಟ್ಟು ನೆಟ್ಟಗೆ ಕೂರಿಸಿದಳು. ತೊಡೆ ನಡುಗುತ್ತಿದ್ದುದರಿಂದ ಅರಸನ ತಲೆಯೂ ಹೌದು ಹೌದೆಂಬಂತೆ ಅಲ್ಲಾಡಿತು. ಅವಳು ಗಟ್ಟಿಯಾಗಿ ಮಾತಾಡತೊಡಗಿದಳು: "ಹೌದು ದೇವಾ, ಗಾಳಿ ತಂಪಾಗಿದೆ. ಅಗೋ ಕೊಕ್ಕರೆ, ದೇವಾ. ಇನ್ನೂ ಸ್ವಲ್ಪ ಮುಂದಕ್ಕೇ? ಅಪ್ಪಣೆ, ದೇವಾ." ದಂಡೆಯಿಂದ ಕೊಮ್ಮರಸ, "ಎತ್ತ ಹೋಗುತ್ತಿರುವೆ, ತಿರುಗಿಸು!" ಎಂದು ಗುಡುಗಿದನು. ಅವಳು ಕಣ್ಣುಮುಚ್ಚಿ, ಹೆಣದ ಮುಂಗೈಯನ್ನು ತನ್ನ ಭುಜದಿಂದ ಮೇಲಕ್ಕೆತ್ತಿ, ಬೇಡವೆಂಬಂತೆ ಆಡಿಸಿದಳು. ಜನಸ್ತೋಮವು "ಜಯ ಜಯ ಮಹಾರಾಜಾ" ಎಂದು ಘೋಷಿಸಿತು. ಆ ಘೋಷವನ್ನು ಕೇಳಿ ಅವಳ ತಲೆಗೂದಲು ನೆಟ್ಟಗಾಯಿತು. ಮತ್ತೆ ಎಂದೂ ಸರಿಯಾಗಿ ಬಾಗಲಿಲ್ಲವಂತೆ.

ಹರಿಗೋಲು ಎದುರು ದಂಡೆಯ ಮರಳನ್ನು ತಾಕಿತು. ಅವಳು ಅರಸನನ್ನು ಎತ್ತಿಕೊಂಡು ಹೋಗಿ ಗುಡಿಯ ಮುಂದೆ ಮಲಗಿಸಿ, ಅವನ ಬಲಗೈಯನ್ನು ಕರಿಗಲ್ಲಿಗೆ ಮುಟ್ಟಿಸಿದಳು. ತೊತ್ತುಗಳನ್ನು ಬಿಡುಗಡೆ ಮಾಡುವ ಕಲ್ಲು ಅಂದು ಅರಸನೊಬ್ಬನನ್ನೂ ಬಿಡಿಸಿತು. ಮೇಲುಕಟ್ಟೆಯಿಂದ ದಾಟಿದ ಚಾವಡಿಯವರು ಆಗಲೇ ಒದ್ದೆ ಮೈಯಲ್ಲಿ ಕಲ್ಲಿನ ಸುತ್ತ ಕುಕ್ಕರಿಸಿದ್ದರು. ಜಕ್ಕವ್ವೆ ಇರಲಿಲ್ಲ.

ಆಗ ಒನಕೆಯ ಸದ್ದು ನಿಂತಿತು.

ಅಂಥ ಮೌನವನ್ನು ಯಾವ ಶತ್ರುವಿಗೂ ದೇವರು ಕೇಳಿಸದಿರಲಿ. ಸ್ವಲ್ಪ ಹೊತ್ತಿನಲ್ಲಿ ಆ ದಂಡೆಯ ಕಟ್ಟೆಯ ಮೇಲೆ ಕೊಮ್ಮರಸ ಒಬ್ಬ ಮುದುಕಿಯ ಮುಡಿ ಹಿಡಿದು ಎಳೆತಂದು ನಿಲ್ಲಿಸಿದನು. ಮುದುಕಿಯ ಕೈಯಲ್ಲಿ ಇನ್ನೂ ಒಂದು ಒನಕೆಯಿತ್ತು. ಕಸಿಯಲು ಹೋದ ಇಬ್ಬರು ಭಟರು ಮೂಗು ಹಿಡಿದುಕೊಂಡಿದ್ದರು.

"ಅಂಬಿಗಿತ್ತೀ! ನಿನ್ನ ನವಿಲು ನುಂಗಿದ್ದು ಚಾವಡಿಯ ಮೊಸಳೆಯೆಂದೂ ಇವಳು ನಿನ್ನ ತಾಯಿಯೆಂದೂ ಹೆಗ್ಗಡೆ ಹೇಳಿದನು. ಪ್ರಭುಗಳನ್ನು ಈಗಲೇ ತಿರುಗಿ ತಾ. ಇಲ್ಲವಾದರೆ ಇವಳ ರುಂಡ ನೀರಿಗೆ!"

"ತರಬೇಡ್ವೇ, ಹುಚ್ಚುಮುಂಡೇ!" ಎಂದು ಜಕ್ಕವ್ವೆ ಅರಚಿದಳು. "ನಾನು ಹೆಂಗೂ ಹಣ್ಣೆಲೆ!"

ಚಾಗವ್ವೆ ಮೊಣಕಾಲೂರಿ ನೀರಿನ ಅಂಚಿಗೆ ತೆವಳಿದಳು. ಹುಟ್ಟಿನ ತುದಿಗೆ ಪೆಂಡೆಯವನ್ನು ಸಿಕ್ಕಿಸಿ ಎತ್ತಿ ಹಿಡಿದಾಗ ಅದು ಬಿಸಿಲಿಗೆ ಇನ್ನೊಂದು ಸೂರ್ಯನಂತೆ ಉರಿಯಿತು. ಅವಳ ಕಂಠ ಒಡೆದು ಬಂತು. ನೀರು ಅದನ್ನು ಚಾಚೂ ತಪ್ಪದೆ ಹೊತ್ತು ಮುಟ್ಟಿಸಿತು.

"ಸೋವಿದೇವ ಸ್ವಾಮೀ! ಅರಸರು ಹೊಳೆಯಮ್ಮನ ನೆಲದಲ್ಲಿ ಮಲಗಿದ್ದಾರೆ. ತಮ್ಮ ಕೆಳಗೆ ಯಾರೂ ಬೇಡ ಎಂದು ಅಪ್ಪಣೆ ಕೊಟ್ಟಿದ್ದಾರೆ. ದಂಡನಾಯಕರ ಪೆಂಡೆಯ ನನ್ನ ಕೈಯಲ್ಲಿದೆ. ಅವರ ಕಾಲಲ್ಲಿ ಏನಿದೆ, ನೋಡಿ! ಖಡ್ಗ ಬೇಕಾದರೆ ನಮ್ಮವ್ವನನ್ನು ಕರೆದುಕೊಂಡು ಬನ್ನಿ. ಇಲ್ಲದಿದ್ದರೆ ಅರಸರನ್ನೂ ಖಡ್ಗವನ್ನೂ ಹೊಳೆಗೆ ಒಪ್ಪಿಸುತ್ತೇನೆ!"

ಸತ್ತ ಅರಸನ ನಡುವಿನಿಂದ ಖಡ್ಗವನ್ನು ಕೈಯಾರೆ ತೆಗೆದವನೇ ಕಲ್ಮಡುವಿನ ಮುಂದಿನ ಅರಸ, ಬೇರೆ ಪಟ್ಟವಿಲ್ಲ. ಸೋವಿದೇವ ನೇರವಾಗಿ ಕೊಮ್ಮರಸನ ಬಳಿಗೆ ನಡೆದು, ಬಾಗಿ, ನೆಲ ಗುಡಿಸುತ್ತಿದ್ದ ಧೋತ್ರವನ್ನು ಎತ್ತಿದನು. ದಂಡನಾಯಕನ ಕರಿಯ ಎಡಗಾಲಿನಲ್ಲಿ, ಇಪ್ಪತ್ತು ವರ್ಷ ಬಿಸಿಲು ಕಾಣದ ಚರ್ಮವು ಬಿಳಿಯ ಬಳೆಯಂತೆ ಬೆಳ್ಳಗೆ ಕಂಡಿತು. ಸುತ್ತಲಿದ್ದ ಸಾಮಂತರೆಲ್ಲರೂ ಏಕಕಾಲಕ್ಕೆ ತಮ್ಮ ಧೋತ್ರಗಳನ್ನು ಇನ್ನಷ್ಟು ಕೆಳಕ್ಕೆ ಎಳೆದುಕೊಂಡರು. ಅದನ್ನು ಊರೆಲ್ಲ ನೋಡಿತು.

"ದಂಡನಾಯಕರೇ," ಎಂದನು ಸೋವಿದೇವ, "ಆ ತಾಯಿಯ ಮುಡಿಯನ್ನು ಬಿಡಿ. ಹೊಳೆ ದಾಟಲು ನನಗೊಂದು ಹರಿಗೋಲು ಬೇಕು. ಎಲ್ಲವನ್ನೂ ಮೇಲುಕಟ್ಟೆಗೆ ಹೊರಿಸಿದವರು ತಾವು. ತಾವೇ ಹೋಗಿ, ಅಂಬಿಗರದೊಂದನ್ನು ಹೊತ್ತು ತನ್ನಿ."

"ನಾನೇ? ತಲೆಯ ಮೇಲೆಯೇ, ಕುಮಾರಾ?"

"ಬೇರೆಯವರ ತಲೆ ಈಗ ಸಿಕ್ಕುವುದಿಲ್ಲ."

ಅಂದು ಕಲ್ಮಡುವಿನ ಜನ ಕಂಡ ಆಮೆಗೆ ಸಮಾನವಾದ ಆಮೆ ಹಿಂದೆ ಇರಲಿಲ್ಲ, ಮುಂದೆ ಬರಲಿಲ್ಲ. ಮೀಸೆ, ಕಿರೀಟ, ಗರ್ವ ಎಲ್ಲವೂ ತೊಗಲಿನೊಳಗೆ. ಹೊರಗೆ ಕಾಣುತ್ತಿದ್ದುದು ಬಿಳಿಯ ಬಳೆಯ ಗುರುತಿದ್ದ ಒಂದು ಕಾಲು, ಅದರ ಜೊತೆಗೊಂದು ಕಾಲು. ನಡುದಾರಿಯಲ್ಲಿ ಅದು ಏದುಸಿರುಬಿಟ್ಟು ಬಾಗಿತು. ಬೇಲಿಯ ಪಕ್ಕದಲ್ಲಿದ್ದ ಕಾವಲಿನವನೇ ಮೊದಲು ಕೂಗಿದನು: "ಇಳಿಸಬೇಡಿ ಸ್ವಾಮೀ! ಹೊಳೆಯಮ್ಮ ಬಲಿ ಕೇಳ್ತಾಳೆ!" ಊರೆಲ್ಲ ಅದನ್ನೇ ಕೂಗಿತು. ಆಮೆ ಅಳುತ್ತ ನಡೆಯಿತು.

ಆ ಹರಿಗೋಲಿನಲ್ಲಿಯೇ ಜಕ್ಕವ್ವೆ ದಾಟಿದಳು. ಹುಟ್ಟು ಹಾಕಿದವನು ದುಗ್ಗಯ್ಯ, ಪಕ್ಕದಲ್ಲಿ ಮುಂದಿನ ಅರಸ. ಮರಳಿಗೆ ಇಳಿದವಳೇ, ಮುದುಕಿ ಕರಿಗಲ್ಲನ್ನೂ ನೋಡಲಿಲ್ಲ, ಅರಸನ ಹೆಣವನ್ನೂ ನೋಡಲಿಲ್ಲ. ಮಗಳ ಎರಡೂ ಕೈಗಳನ್ನು ಹಿಡಿದಳು. ಅವು ಇನ್ನೂ ಗಡಗಡ ನಡುಗುತ್ತಿದ್ದವು.

"ಇಷ್ಟೊಂದು ಹೆದರಿಕೆ ಇಟ್ಕೊಂಡು ಇಷ್ಟೆಲ್ಲ ಮಾಡಿದೆಯೇನೇ?"

"ನಿನಗೆ ಹೆದರಿಕೆ ಆಗಲಿಲ್ವೇನವ್ವಾ?"

"ಆಗದೆ ಏನು? ಎರಡು ಒನಕೆ ಮತ್ತ್ಯಾಕೆ ಹಿಡೀತಿದ್ದೆ? ಒಂದೇ ಹಿಡಿದರೆ ಇನ್ನೊಂದು ಕೈ ನಡುಗೋದು ಕಾಣ್ತಿತ್ತು."

ಸೋವಿದೇವ ಖಡ್ಗವನ್ನು ತೆಗೆದುಕೊಂಡನು. ಜೋಗರಸ ಒಂಟಿಯಾಗಿ ಹೊಳೆಗೆ ಹೋದನು. ಕಟ್ಟೆಯ ಹಿಂದಿನ ಗುಂಡಿಯಲ್ಲಿ ಮುಂಗಾರಿನ ನೀರು ನಿಂತು ಕಮಲ ಬೆಳೆಯಿತು. ವೇಳೆಯ ಊರುಗಳು ಮರಳಿ ಅರಮನೆಗೆ ಸೇರಿದವು, ಕಲ್ಮಡುವಿನಲ್ಲಿ ಮತ್ತೆ ಯಾರೂ ಪೆಂಡೆಯ ತೊಡಲಿಲ್ಲ. ಬೇರೆ ಬೇರೆ ನಾಡುಗಳಿಂದ ಓಡಿಬಂದ ಆಳುಗಳನ್ನು ಚಾಗವ್ವೆ ತಲೆಗೂದಲು ಬೆಳ್ಳಗಾಗುವವರೆಗೆ ದಾಟಿಸಿದಳು. ಒಂದು ಸಲವೂ ಅವಳ ಕೈ ನಡುಗದೆ ಇರಲಿಲ್ಲ. ಒಂದು ಸಲವೂ ಹರಿಗೋಲು ಸುತ್ತಲಿಲ್ಲ.

ಅವಳು ತೀರಿಕೊಂಡ ಮೇಲೆ ದಾಟಿದವರೆಲ್ಲ ಸೇರಿ ಗುಡಿಯ ಮುಂದೆ ಒಂದು ವೀರಗಲ್ಲು ನಿಲ್ಲಿಸಿದರು. ಅದರಲ್ಲಿ ಕುದುರೆಯಿಲ್ಲ, ಕತ್ತಿಯಿಲ್ಲ, ಅಪ್ಸರೆಯರಿಲ್ಲ. ಒಂದು ಆಮೆ ಮಾತ್ರ. ಹೆಂಗಸರು ಇಂದಿಗೂ ಕೂರ್ಮದೇವರೆಂದು ಅರಿಸಿನ ಹಚ್ಚಿ ಹೋಗುತ್ತಾರೆ. ಬಾಗಿ ನೋಡಿದವರಿಗೆ ಮಾತ್ರ ಕಾಣುತ್ತದೆ: ಆ ಆಮೆಯ ಕಾಲುಗಳು ಮನುಷ್ಯರವು, ಮೊಣಕಾಲಿನವರೆಗೆ ಕೆಸರು ಮೆತ್ತಿದವು, ಮತ್ತು ಅವು ನಡೆಯುತ್ತಿವೆ.